ತಗಡಿನ ಅಕ್ಷರ

ಗಂಧದೆಣ್ಣೆ ಕಾರ್ಖಾನೆಯಲ್ಲಿ ನನ್ನದು ತಗಡು ಕೊರೆಯುವ ಕೆಲಸ.
ಓದು ಬಾರದು. ಪೆಟ್ಟಿಗೆ ಯಾವ ಊರಿಗೆ ಹೋಗಬೇಕೋ
ಆ ಊರನ್ನು ಉಳಿಯಲ್ಲಿ ಕೊರೆದು ಮೇಲೆ ಮಸಿ ಬಳಿದರೆ
ಹಲಗೆಯ ಮೇಲೆ ಊರು ಮೂಡುತ್ತಿತ್ತು.

ಲಂಡನ್ ಅಂದರೆ ನನಗೆ
ಕಾಲು ಚಾಚಿ ಕೂತ ಒಂದು ಕೋಲು,
ಒಂದು ಬಳೆ,
ಓರೆಪಟ್ಟಿ ಹೊಡೆದ ಗೇಟು,
ಬಸುರಿಯ ಹೊಟ್ಟೆ,
ಮತ್ತೆ ಬಳೆ, ಮತ್ತೆ ಗೇಟು.
ಹನ್ನೊಂದು ವರ್ಷ ಅದನ್ನೇ ಕೊರೆದೆ.
ಬಳೆಯ ನಡುವಿನ ಬಿಲ್ಲೆ ಉದುರದಂತೆ
ಎರಡು ಕಡೆ ನೂಲಿನಷ್ಟು ತಗಡು ಬಿಡಬೇಕು.
ವಿದ್ಯೆ ಇರುವುದು ಆ ನೂಲಿನಲ್ಲಿ.

ಆ ವರ್ಷ ಹಿಂಗಾರು ಹಿಡಿದ ವಾರ
ಪುರಭವನದ ಮುಂದಿನ ರೇಡಿಯೋದಲ್ಲಿ
ದಿನಾ ಹೊಡೆಯುತ್ತಿದ್ದ ಅವರ ಊರಿನ ಗಡಿಯಾರ
ಹೊಡೆಯಲಿಲ್ಲ.
ಜರ್ಮನಿಯವರು ಮಂಜಿನಲ್ಲಿ ಚಪ್ಪಟೆ ದೋಣಿ ಹತ್ತಿ ದಾಟಿದರಂತೆ,
ಸುಣ್ಣದ ಗುಡ್ಡ ಏರಿದರಂತೆ.
ಎಷ್ಟಗಲ ಸಮುದ್ರ, ಕೇಳಿದೆ.
"ಇಲ್ಲಿಂದ ಮಂಡ್ಯಕ್ಕಿಂತ ಕಮ್ಮಿ" ಅಂದ ಗುಮಾಸ್ತ ಶಾಮಣ್ಣ.
ಮಂಡ್ಯಕ್ಕಿಂತ ಕಮ್ಮಿ!
ಅಷ್ಟು ನೀರಿನ ಧೈರ್ಯದ ಮೇಲೆ
ಇಷ್ಟು ದಿನ ನಮ್ಮನ್ನು ಆಳಿದರೇ?

ಮಾರ್ಕೆಟ್ಟಿನಲ್ಲಿ ಹುಡುಗರು ಬೆಲ್ಲ ಹಂಚಿದರು.
ಮಗನನ್ನು ಪಲ್ಟನ್ನಿಗೆ ಕಳಿಸಿದ್ದ ಚೆಲುವಾಜಮ್ಮ
ಅಚ್ಚು ಇಸಕೊಂಡಳು, ತಿನ್ನಲಿಲ್ಲ,
ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಬಾಯ್ಲರ್ ಮುಂದೆ ಬುಡನ್ ಸಾಬಿ ಬೀಡಿ ಹಚ್ಚಿ ನಕ್ಕ:
"ಆಚಾರ್ರೇ, ನಾನು ಹುಡುಗ ಆಗಿದ್ದಾಗ
ನಮ್ಮ ಕೊರಡೆಲ್ಲ ಜರ್ಮನಿಗೇ ಹೋಗ್ತಿತ್ತು.
ಆ ಜಗಳದಲ್ಲಿ ಹಡಗು ನಿಂತ್ವು,
ಅದಕ್ಕೇ ಈ ಕಾರ್ಖಾನೆ ಎದ್ದಿದ್ದು.
ಈಗ ನೋಡಿ, ಹಳೇ ಗಿರಾಕಿ
ತಾನೇ ಲಂಡನ್ನಿಗೆ ಬಂದವ್ನೆ."

ಎಣ್ಣೆ ಪರೀಕ್ಷೆ ಮಾಡುವ ಹಾರ್ಟ್ಲಿ ದೊರೆ
ವಾರವೆಲ್ಲ ಬಂಗಲೆ ಬಿಟ್ಟು ಬರಲಿಲ್ಲ.
ಶನಿವಾರ ನನ್ನ ಶೆಡ್ಡಿಗೆ ಬಂದರು,
ಒಂದೇ ಕೆನ್ನೆ ಕ್ಷೌರ ಆಗಿತ್ತು.
ಚೀಟಿಯಲ್ಲಿ ಏಳು ಅಕ್ಷರ. ಕೊರಿ, ಅಂದರು.
ಯಾವ ಪೆಟ್ಟಿಗೆಗೆ ದೊರೆ?
ಪೆಟ್ಟಿಗೆ ಇಲ್ಲ.
ಸ್ವಲ್ಪ ಹೊತ್ತಾದ ಮೇಲೆ, "ಅಮ್ಮ ಅಲ್ಲಿ."
ಅದರಲ್ಲಿ ಒಂದೇ ಒಂದು ಬಳೆ ಇತ್ತು.
ಈ ಸಲ ನೂಲು ದಪ್ಪ ಬಿಟ್ಟೆ.

ಕಾರ್ತೀಕ ಮುಗಿಯುವಷ್ಟರಲ್ಲಿ ಬೆಂಗಳೂರಿಂದ ಹುಕುಂ:
ಗೋದಾಮಿನ ನಲವತ್ತೆರಡು ಪೆಟ್ಟಿಗೆಯ ಹೆಸರು ಉಜ್ಜಿ ಹಾಕಿ,
ಬೇರೆ ಊರು ಬರೆಯಿರಿ.
ಶಾಮಣ್ಣ ಸ್ಲೇಟಿನ ಮೇಲೆ ತೋರಿಸಿದ:
ಎರಡು ಹೊಟ್ಟೆಯವನು, ಮೂರು ಹಲ್ಲಿನ ಬಾಚಣಿಗೆ,
ಒಂಟಿಹೊಟ್ಟೆ ಇಟ್ಟುಕೊಂಡು ಒದೆಯುವವನು,
ಕಾಲು ಚಾಚಿದ ಕೋಲು, ಬರೀ ಗೂಟ, ಗೇಟು.
ಕೋಲೂ ಗೇಟೂ ಹಳೆಯವೇ ಸಾಕು, ಅಂದೆ.
ಕೂಲಿಯೂ ಹಳೆಯದೇ, ಏಳಾಣೆ.
ಬೆಲ್ಲ ಹಂಚಿದ ಹುಡುಗರನ್ನು ಆಮೇಲೆ
ಲಾರಿಯಲ್ಲಿ ತುಂಬಿಕೊಂಡು ಹೋದವರು
ಅದೇ ಪೊಲೀಸರು. ಟೋಪಿ ಮಾತ್ರ ಹೊಸದು.

ದೊರೆ ಒಂದು ರಾತ್ರಿ ಎಲ್ಲಿಗೋ ಹೋದರು.
ಮೇಜಿನ ಮೇಲೆ ಏಳು ಅಕ್ಷರದ ತಗಡು ಇರಲಿಲ್ಲ ಅಂತ
ಕಸ ಗುಡಿಸುವ ಮಾರಿ ಹೇಳಿದಳು.

ಲಂಡನ್ ತಗಡು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.
ಅಡುಗೆಮನೆಯ ಹೆಂಚು ಒಡೆದಿತ್ತಲ್ಲ, ಅಲ್ಲಿ ಮುಚ್ಚಿದೆ.
ಬೆಳಗ್ಗೆ ಎಂಟರ ಹೊತ್ತಿಗೆ ಬಿಸಿಲು ಅದರಲ್ಲಿ ತೂರಿ
ಸಾರಿಸಿದ ನೆಲದ ಮೇಲೆ ಆ ಊರು ಬೀಳುತ್ತದೆ,
ಹತ್ತರ ಹೊತ್ತಿಗೆ ತೆವಳಿ ಒಲೆಕಟ್ಟೆ ಹತ್ತುತ್ತದೆ.
ಮೊಮ್ಮಗಳು ಗೇಟಿಂದ ಗೇಟಿಗೆ ಕುಂಟುತ್ತಾಳೆ.

"ತೂತಿಗೆ ತೂತಿನ ತೇಪೆ ಹಾಕಿದ ಜಾಣ" ಅಂತ
ನನ್ನವಳು ಮಳೆ ಬಂದಾಗಲೆಲ್ಲ ಬೈಯುತ್ತಾಳೆ.
ಎರಡನೇ ಬಳೆಯ ಕೆಳಗೆ
ತಪ್ಪಲೆ ಇಟ್ಟಿದ್ದಾಳೆ.